ತಣ್ಣೀರಿನ ಲೆಕ್ಕ

ಬೆಳಗಿನ ಆರಕ್ಕೆ ಅಡುಗೆಮನೆಯ ಕುರ್ಚಿ ಹೊತ್ತು ತಂದು
ನನ್ನ ಗೇಟಿನ ಮುಂದಿನ ಕಾಲುದಾರಿಯಲ್ಲಿ,
ಕೊಳಾಯಿಯ ಪುಟ್ಟ ಕಬ್ಬಿಣದ ಮುಚ್ಚಳದ ಮೇಲೆ
ಹಾಕಿಕೊಂಡು ಕೂತೆ.
ಮುಚ್ಚಳ ಅಂಗೈಯಗಲ. ನಾನು ಅದಕ್ಕಿಂತ ಅಗಲ.
ಕುರ್ಚಿಯ ಒಂದು ಕಾಲು ಗಿಡ್ಡ, ಕುಂಟುತ್ತದೆ;
ಸರ್ಕಾರ ಕಳಿಸಿದ ಮೊದಲ ಬಿಲ್ಲನ್ನು
ನಾಲ್ಕು ಮಡಿಕೆ ಮಾಡಿ ಅದರಡಿ ಇಟ್ಟೆ.
ಯಾವುದಕ್ಕಾದರೂ ಬಂತಲ್ಲ.

ಕಾರ್ಕ್ ಪಟ್ಟಣದ ಉತ್ತರದ ಏರು, ಗೋಬ್ನೆಟ್ ಕಾಲನಿ.
ನಲವತ್ತೊಂದು ಮನೆ, ಇವತ್ತು ನಲವತ್ತೊಂದು ಕುರ್ಚಿ.
ಇಲ್ಲ, ಸುಳ್ಳಾಡಬಾರದು, ಇಪ್ಪತ್ತಾರು.
ಉಳಿದವರು ಪರದೆಯ ಸಂದಿಯಲ್ಲಿದ್ದಾರೆ.
ಡಿಂಪ್ನಾಳ ಮಡಿಲಲ್ಲಿ ಅರ್ಧ ಹೆಣೆದ ಕಾಲುಚೀಲ.
ಮಲಾಕಿ ಆಮ್ಲಜನಕದ ಸಿಲಿಂಡರು ಪಕ್ಕಕ್ಕಿಟ್ಟುಕೊಂಡು
'ಗಾಳಿಗೆ ಯಾವಾಗ ಮೀಟರು?' ಎಂದು ಕೇಳಿ,
ತಾನೇ ನಕ್ಕ, ಕೆಮ್ಮಿದ.
ಕೆಮ್ಮು ನಿಲ್ಲುವ ತನಕ ಬೀದಿಯೆಲ್ಲ ಕಾಯಿತು.

ಬ್ಯಾಂಕುಗಳು ಬಿದ್ದ ವರ್ಷ ಟಿವಿಯಲ್ಲಿ ಬಂದು ಹೇಳಿದ್ದರು,
ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆ ಹಾಕಿಕೊಳ್ಳಿ, ಸ್ವಲ್ಪ ದಿನ.
ಹಾಕಿಕೊಂಡೆವು.
ಆರು ವರ್ಷವಾಯಿತು, ಬಟ್ಟೆ ಒಣಗಿತು.
ಮತ್ತೆ ನೆನೆಸೋಣ ಎಂದರೆ
ಈಗ ಆ ತಣ್ಣೀರಿಗೂ ಲೆಕ್ಕವಂತೆ.

ನನ್ನ ಕೆಲಸವೂ ನೀರಿನದೇ.
ಮನೆಮನೆಗೆ ಹೋಗಿ ಮುದುಕರ ಮೈ ತೊಳೆಸುತ್ತೇನೆ.
ಮೊದಲು ಒಬ್ಬರಿಗೆ ಒಂದು ಗಂಟೆ. ಆಮೇಲೆ ನಲವತ್ತು ನಿಮಿಷ.
ಈಗ ಇಪ್ಪತ್ತು.
ಇಪ್ಪತ್ತು ನಿಮಿಷದಲ್ಲಿ ಬೆನ್ನು ಉಜ್ಜಬಹುದು,
ಇಲ್ಲವೇ ಮಾತಾಡಬಹುದು. ಎರಡೂ ಆಗುವುದಿಲ್ಲ.
ನೋರೀನ್ ಅಜ್ಜಿ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು,
'ಇನ್ನೊಂದು ತಂಬಿಗೆ, ಫಿಡೆಲ್ಮಾ, ನೆತ್ತಿಗೆ, ಒಂದೇ ಒಂದು.'
ನಾನು ಗಡಿಯಾರ ನೋಡುತ್ತಿದ್ದೆ.
ಅವಳಿಗೆ ಗೊತ್ತಾಗುತ್ತಿತ್ತು.

ಏಳಕ್ಕೆ ಬಂತು ಬಿಳಿಯ ವ್ಯಾನು.
ಹಿಂದೆ ಪೊಲೀಸರು, ಅವರಲ್ಲೊಬ್ಬಳು ಚಿಕ್ಕವಳು
ತನ್ನ ಬೂಟನ್ನೇ ನೋಡುತ್ತ ನಿಂತಳು.
ವ್ಯಾನಿನಿಂದ ಡ್ರಿಲ್ಲು ಹಿಡಿದು ಇಳಿದವನು
ನೋರೀನಳ ಮೊಮ್ಮಗ ಫೀಯಕ್ರ.
ಅಜ್ಜಿಯ ಬಚ್ಚಲ ಬಾಗಿಲಲ್ಲಿ ಟವೆಲು ಹಿಡಿದು ನಿಲ್ಲುತ್ತಿದ್ದ ಹುಡುಗ,
ಮುಖ ಆಚೆ ತಿರುಗಿಸಿಕೊಂಡು, ಮರ್ಯಾದೆಯಿಂದ.

ಬೀದಿ ಕೂಗಿತು. ಏನೇನೋ ಕೂಗಿತು.
ಡಿಂಪ್ನಾ ಅವನ ಅಪ್ಪನ ಹೆಸರೆತ್ತಿದಳು, ಎತ್ತಬಾರದಿತ್ತು.
ಎರಡು ವರ್ಷ ಕೆಲಸವಿಲ್ಲದೆ ಅಲೆದವನು ಅವನು,
ಹಡಗು ಹತ್ತಿ ಹೋಗಿ, ಅಲ್ಲೂ ಸಿಗದೆ ತಿರುಗಿ ಬಂದವನು.
ಮನೆಗೊಂದು ಮೀಟರು ಹಾಕಿದರೆ ಅವನಿಗೆ ಕೂಲಿ.
ನಾನು ಕೂತಲ್ಲೇ ಕೂತರೆ ಇವತ್ತಿಗೆ ಸೊನ್ನೆ.
ಇದನ್ನು ನಮ್ಮ ಫಲಕದ ಮೇಲೆ ಯಾರೂ ಬರೆದಿರಲಿಲ್ಲ.

'ಏಳಿ' ಅಂದ.
'ಏಳೋದಿಲ್ಲ' ಅಂದೆ.
ಮುಂದೇನು ಹೇಳಬೇಕೋ ಇಬ್ಬರಿಗೂ ಯಾರೂ ಕಲಿಸಿರಲಿಲ್ಲ.
ಮೇಸ್ತ್ರಿ ಫೋನಿನಲ್ಲಿ ಕಚೇರಿಯ ಜೊತೆ ಜಗಳವಾಡುತ್ತಿದ್ದ.
ಫೀಯಕ್ರ ಬಗ್ಗಿ, ಪಿಸುದನಿಯಲ್ಲಿ,
'ಫಿಡೆಲ್ಮಾ, ಬಚ್ಚಲಿಗೆ ಹೋಗಬೇಕು. ನಾಲ್ಕು ಗಂಟೆಯಿಂದ ವ್ಯಾನಿನಲ್ಲಿದ್ದೇನೆ.'

ಎದ್ದರೆ ಕುರ್ಚಿ ಹೋಯಿತು.
ಬೀಗದಕೈ ತೆಗೆದು ಅವನ ಅಂಗೈಗೆ ಹಾಕಿದೆ.

ಒಳಗೆ ನೀರು ಹರಿಯುವ ಸದ್ದು.
ನನ್ನ ಕೆಳಗೆ, ಕುರ್ಚಿಯ ಕೆಳಗೆ, ಮುಚ್ಚಳದ ಕೆಳಗೆ
ಅದು ಹಾದುಹೋಗುವುದು ತೊಡೆಗೆ ತಿಳಿಯಿತು,
ಅಥವಾ ತಿಳಿದಂತಾಯಿತು.
ಕೈ ತೊಳೆದ. ಮುಖ ತೊಳೆದ. ಬಹಳ ಹೊತ್ತು ತೊಳೆದ.
ತೊಳೆಯಲಿ ಬಿಡು.

ಹೊರಬಂದಾಗ ತಲೆಗೂದಲಿಂದ ತೊಟ್ಟಿಕ್ಕುತ್ತಿತ್ತು.
ಬೀಗದಕೈ ಕೊಡುತ್ತ ಬೇರೆಲ್ಲೋ ನೋಡಿಕೊಂಡು,
ಟವೆಲು ಹಿಡಿದ ಹುಡುಗನ ಹಾಗೆಯೇ, ಅಂದ:
'ನಾಳೆ ಆರಕ್ಕಲ್ಲ. ಐದಕ್ಕೆ ಬರ್ತಾರೆ.'
ಬರ್ತೇವೆ ಅನ್ನಲಿಲ್ಲ.

ವ್ಯಾನು ತಿರುಗಿತು. ಬೀದಿ ಚಪ್ಪಾಳೆ ತಟ್ಟಿತು.
ಗೆದ್ದೆವು ಎಂದ ಮಲಾಕಿ. ಯಾರನ್ನು, ಎಂದು ಕೇಳಲಿಲ್ಲ ನಾನು.
ಒಳಗೆ ಹೋಗಿ ನೋಡಿದರೆ
ನಲ್ಲಿಯನ್ನು ಎಷ್ಟು ಬಿಗಿಯಾಗಿ ತಿರುಗಿಸಿದ್ದನೆಂದರೆ
ಬಿಚ್ಚಲು ಎರಡು ಕೈ ಬೇಕಾಯಿತು.

ಅಲಾರಂ ನಾಲ್ಕೂವರೆಗೆ ಇಟ್ಟಿದ್ದೇನೆ.
ಕುರ್ಚಿ ಹೊರಗೇ ಇದೆ.