ಒಂದೇ ದರ

ಬೀದರದ ಚಳಿ ಮೊದಲು ಬೆರಳಿಗೆ ಬರುತ್ತದೆ,
ಆಮೇಲೆ ಸೀಟಿಗೆ. ಬೆಳಗಿನ ಆರಕ್ಕೆ ಊದಿದರೆ
ಉಕ್ಕು ತುಟಿ ಕಚ್ಚುತ್ತದೆ.
ರಾಜ್ಯಮಟ್ಟಕ್ಕೆ ಹೊರಟಿದ್ದಾರೆ ನನ್ನ ಹದಿನಾಲ್ಕು ಹುಡುಗಿಯರು,
ಸ್ವೆಟರ್ ಇರುವವರು ಮೂವರು.

ನೆಹರೂ ಸ್ಟೇಡಿಯಂ ಗೋಡೆಗೆ ಆತು ಡೋಲ್ಕರ್ ಅಕ್ಕನ ಅಂಗಡಿ:
ನಾಲ್ಕು ಬಿದಿರು, ನೀಲಿ ತಾಡಪತ್ರಿ, ಲುಧಿಯಾನದ ಮೂಟೆ,
ರಟ್ಟಿನ ಮೇಲೆ ಮಗ ಬರೆದ ದುಂಡು ಕನ್ನಡ:
'ಒಂದೇ ದರ. ಚೌಕಾಸಿ ಇಲ್ಲ.'
ಒಂಬತ್ತು ವರ್ಷದಿಂದ ನಾನು ಚೌಕಾಸಿ ಮಾಡುತ್ತೇನೆ,
ಒಂಬತ್ತು ವರ್ಷದಿಂದ ಆಕೆ ನಕ್ಕು
ಒಂದು ಟೊಪ್ಪಿಗೆ ಪುಕ್ಕಟೆ ಹಾಕುತ್ತಾಳೆ.

ಈ ಸಲ ನಗಲಿಲ್ಲ.
ಮಗ ನೊರ್ಬು ಮೂಲೆಯಲ್ಲಿ ಜಿಪ್ಪು ಸರಿಮಾಡುತ್ತಿದ್ದ,
ಎಡಗೈ ಮಣಿಕಟ್ಟು ನೆಟ್ಟಗಾಗದು.
ಏಪ್ರಿಲ್ಲಿನಲ್ಲಿ ಕ್ರೀಡಾಜ್ಯೋತಿ ದಿಲ್ಲಿಗೆ ಬಂತಲ್ಲ,
ಜನರೇ ಇಲ್ಲದ ರಸ್ತೆಯಲ್ಲಿ ಪೊಲೀಸರ ನಡುವೆ ಓಡಿತಲ್ಲ,
ಅಲ್ಲಿಗೆ ಜಿಗಿಯಲು ಹೋದವರಲ್ಲಿ ಇವನೂ ಒಬ್ಬ.
ಏಳು ದಿನ ಒಳಗೆ.
ಸ್ಟಾಫ್ ರೂಮಿನ ಟಿವಿಯಲ್ಲಿ ನೋಡಿ ನಾನು ಬೈದಿದ್ದೆ:
ಬೆಂಕಿ ಏನು ಮಾಡಿತ್ತು ಇವರಿಗೆ?
ಅವನೆದುರು ಹೇಳಬಾರದಿತ್ತು. ಹೇಳಿದೆ.

ಸೋದರಮಾವ ಪಾಸಾಂಗ್ ಥರ್ಮಾಸಿನ ಚಹಾ ಸುರಿಯುತ್ತ,
'ಹೌದ್ರಿ ಟೀಚರ್. ನಾಕು ವರ್ಷ ಬೆವರು ಸುರಿಸಿದ ಹುಡುಗರು,
ಅವರ ಓಟಕ್ಕ ಯಾಕ ಅಡ್ಡ ಬೀಳಬೇಕು?
ಪೂರಾ ದೇಶ ಕೇಳಿದ್ರ ಅವರು ಅಂಗಡಿ ಮುಚ್ಚತಾರ.
ನಮ್ಮ ಮಾತು, ನಮ್ಮ ಮಠ, ದನ ಮೇಯೂ ಗುಡ್ಡ,
ಇಷ್ಟು ಬಿಡ್ರಿ ಅನ್ನೋಣ. ಝಂಡಾ ಅವರದೇ ಇರವಲ್ದಾಕ.
ಅರ್ಧ ಕೇಳಿದ್ರ ಪಾವುಭಾಗರ ಸಿಗತದ.'

ನೊರ್ಬು ಜಿಪ್ಪು ಎಳೆದ, ಬಿಟ್ಟ, ಎಳೆದ.
'ನಮ್ಮ ಮೂಟಿ ನಾವೇ ಬಿಡಿಸಿಕೊಳ್ಳಾಕ
ಚೌಕಾಸಿ ಯಾಕ, ಮಾವ?'

ಡೋಲ್ಕರ್ ಇಬ್ಬರಿಗೂ ಬೆನ್ನು ಮಾಡಿ
ಮೂವತ್ತರ ಸೈಜು ಎಣಿಸುತ್ತಿದ್ದಳು.
ಮುಂಡಗೋಡದಲ್ಲಿ ಹುಟ್ಟಿದವಳು, ಹಿಮ ಕಂಡಿಲ್ಲ.
'ನಿಮ್ಮೂರು ಯಾವದು ಅಂತ ಮಂದಿ ಕೇಳತಾರ.
ಕ್ಯಾಂಪ್ ನಂಬರ್ ಆರು ಅಂತೀನಿ.
ಸುಳ್ಳಲ್ಲ. ಖರೇನೂ ಅಲ್ಲ.
ಇಬ್ಬರೂ ಸುಮ್ಮಕಿರ್ರಿ, ಗಿರಾಕಿ ಹೊರಗ ನಿಂತಾರ.'

ಹೊರಗೆ ಗೋಡೆಯ ಮೇಲೆ ಸೆಪ್ಟೆಂಬರಿನ ಬ್ಯಾನರು
ಅರ್ಧ ಹರಿದು, ಬಿಸಿಲಿಗೆ ಬಿಳಿಚಿ: 'ವಿಮೋಚನಾ'
ನೊರ್ಬು ಗದ್ದ ಎತ್ತಿ ತೋರಿಸಿದ.
'ನಮ್ಮಜ್ಜನ ಊರಾಗೂ ಇದೇ ಶಬ್ದ ಬರದಾರಂತ.
ಇದನ್ನ ಯಾರು ಇಡತಾರ್ರಿ ಟೀಚರ್,
ಬಂದವರೋ, ಇದ್ದವರೋ?'

ನಮ್ಮ ಓಣಿಯಲ್ಲಿ ಆ ಒಂದು ದಿನಕ್ಕೆ ಮೂರು ಹೆಸರು.
ನಮ್ಮಜ್ಜ ಅವತ್ತು ಪಟ್ಟಾಗಿ ಪಟಗಾ ಸುತ್ತಿಕೊಂಡು
ಕಂಬಕ್ಕೆ ಹೂಮಾಲೆ ಹಾಕಲು ಹೋಗುತ್ತಿದ್ದ.
ಎದುರುಮನೆಯ ಸಕೀನಾ ಬೀ ಬಾಗಿಲು ತೆರೆಯುತ್ತಿರಲಿಲ್ಲ,
'ಪೊಲೀಸ್ ಆ್ಯಕ್ಷನ್' ಎನ್ನುತ್ತಿದ್ದಳು, ಹಲ್ಲಿನ ಸಂದಿಯಿಂದ.
ಮೂರನೆಯದನ್ನು ಯಾರೂ ಜೋರಾಗಿ ಹೇಳುವುದಿಲ್ಲ.
'ಆಟ ಬ್ಯಾರೆ, ಅದು ಬ್ಯಾರೆ' ಎಂದೆ.
ಆ ಮಾತು ನನಗೆ ಕಂಠಪಾಠ.

ಹೋದ ವರ್ಷ ಜಿಲ್ಲಾ ಕೂಟದಲ್ಲೂ ಅದನ್ನೇ ಹೇಳಿದ್ದೆ.
ಅತಿಥಿಗಳು ಮೂರು ತಾಸು ತಡ, ನೆತ್ತಿಯ ಮೇಲೆ ಬಿಸಿಲು.
ಔರಾದ ಕಡೆ ತಾಂಡಾದ ಜೀಜಾ
ಕಂದೀಲೆಣ್ಣೆಯ ಪಂಜು ಹಿಡಿದು ಓಡಬೇಕಾದವಳು
ಅದನ್ನು ನೆಲಕ್ಕಿಟ್ಟು
ನಾಲ್ಕನೇ ಲೇನಿನಲ್ಲಿ ಕೂತುಬಿಟ್ಟಳು:
ಹಾಸ್ಟೆಲ್ಲಿಗೆ ನೀರು ಬರುವವರೆಗೆ ಏಳುವುದಿಲ್ಲ.
ಕೆನ್ನೆಗೆ ಹೊಡೆದೆ. ಇದು ಮೈದಾನ, ಎಂದೆ.
'ಹಾಸ್ಟೆಲಿನ್ಯಾಗ ಕೂತಿದ್ರ ಯಾರು ನೋಡತಿದ್ರು, ಟೀಚರ್?'

ಈ ಸಲದ ಪಟ್ಟಿಯಲ್ಲಿ ಅವಳ ಹೆಸರಿಲ್ಲ.
ನಾನೇ ತೆಗೆದದ್ದು.

ಹನ್ನೊಂದು ಸ್ವೆಟರ್. ಹೇಳಿದ ದರ ಹೇಳಿದ ಹಾಗೆ ಎಣಿಸಿಕೊಟ್ಟೆ.
ಡೋಲ್ಕರ್ ಗಾಬರಿಯಾದಳು:
'ಯಾಕ್ರಿ, ಸಿಟ್ಟು ಬಂತೇನು?'
ಪಾಸಾಂಗ್ ಖುಷಿಯಿಂದ ತೊಡೆ ತಟ್ಟಿದ:
'ನೋಡು ನೊರ್ಬು, ಜಗಳಾಡದೇನೂ ಪೂರಾ ಸಿಗತದ.'

ನೊರ್ಬು ಜಿಪ್ಪಿನಿಂದ ತಲೆ ಎತ್ತಲಿಲ್ಲ.
'ಬೋರ್ಡ್ ಬರದಿತ್ತಲ್ಲ, ಮಾವ.'