ಕೋಂ

ಮೊದಲ ಸಾಲು ಸುಲಭ, ಬೆರಳಿಗೆ ಸವೆದ ಹಾದಿ:
ಅಂಬುಜಾಕ್ಷಿ, ಮೂವತ್ತೊಂದು ವರ್ಷ, ಕೋಂ
ಎನ್ನುವಲ್ಲಿಗೆ ತಡೆದಳು.
"ಅದೇನಣ್ಣಾ ಕೋಂ?"
ಹೆಂಡತಿ ಅಂತಮ್ಮಾ, ಕೋರ್ಟಿನ ಭಾಷೆ.
"ತೆಗೆದರೆ?"
ತೆಗೆದರೆ ಅರ್ಜಿಯೇ ನಿಲ್ಲೋದಿಲ್ಲ.
ಅವನಿಂದ ತಪ್ಪಿಸಿಕೊಳ್ಳುವ ಕಾಗದಕ್ಕೂ
ಅವನ ಹೆಸರೇ ಊರುಗೋಲು.
ಗಂಗಹನುಮ, ಎಂದಳು ಗೋಡೆ ನೋಡುತ್ತ.

ಕೆ.ಜಿ. ರಸ್ತೆ, ನೆಲಮಾಳಿಗೆ, ಮೆಟ್ಟಿಲ ಕೆಳಗಿನ ಅಂಗಡಿ.
ಅವಳ ಹುಡುಗ ತಿರುಗುವ ಕುರ್ಚಿಯಲ್ಲಿ ಸುತ್ತುತ್ತ
ಬನ್ನು ಬಿಟ್ಟು ಬೆಣ್ಣೆ ಮಾತ್ರ ನೆಕ್ಕುತ್ತಿದ್ದ.

ನಾಲ್ಕನೇ ಪ್ಯಾರಾ. ದಿನಾಂಕ ಬೇಕು, ಎಂದೆ.
"ದಿನಾ ಅಂತ ಹಾಕಿದರೆ ಆಗಲ್ವಾ?"
ಆಗೋದಿಲ್ಲ.
ಬ್ಯಾಗು ಬಿಚ್ಚಿದಳು.
ಹೊಡೆತಕ್ಕೆ ರಸೀದಿ ಇರುವುದಿಲ್ಲ,
ಅದರ ಅಕ್ಕಪಕ್ಕದ್ದಕ್ಕೆ ಇರುತ್ತದೆ:
ಸಿಲಿಂಡರ್ ಬಂದ ಮೆಸೇಜು, ಅವತ್ತು ಚಿಲ್ಲರೆ ಲೆಕ್ಕ ತಪ್ಪಿತ್ತು;
ಕ್ಲಿನಿಕ್ಕಿನ ಚೀಟಿ, 'ಬಚ್ಚಲಲ್ಲಿ ಜಾರಿ' ಎಂದು ಡಾಕ್ಟರ ಅಕ್ಷರ,
ಹಾಗೆ ಹೇಳಿದ್ದು ಇವಳೇ, ಪಕ್ಕದಲ್ಲಿ ಅತ್ತೆ ನಿಂತಿದ್ದಳು.
ಆಮೇಲೆ ಪರ್ಸಿನ ಒಳಜೇಬಿಂದ
ನಾಲ್ಕು ಮಡಿಕೆಯ ಬಸ್ ಟಿಕೆಟ್.
ಹೆಂಗಸರಿಗೆ ಬಿಟ್ಟಿ, ಮೊತ್ತ ಸೊನ್ನೆ,
ಆದರೂ ಹರಿದು ಕೊಟ್ಟಿದ್ದಾನೆ ಪುಣ್ಯಾತ್ಮ ಕಂಡಕ್ಟರು:
ಲಗ್ಗೆರೆಯಿಂದ ಮೆಜೆಸ್ಟಿಕ್ಕಿಗೆ, ರಾತ್ರಿ ಒಂಬತ್ತು ನಲವತ್ತೆರಡು.
ಬರಿಗಾಲಲ್ಲಿ ಬಸ್ಸು ಹತ್ತಿದ್ದಕ್ಕೆ ಇದ್ದ ಒಂದೇ ಸಾಕ್ಷಿ
ಆಗಲೇ ಮಾಸುತ್ತಿತ್ತು.
ಎಲ್ಲ ಬಿಟ್ಟು ಮೊದಲು ಜೆರಾಕ್ಸ್ ತೆಗೆದೆ, ಮೂರು.

ಏಳನೇ ಪ್ಯಾರಾಕ್ಕೆ ದನಿ ಇಳಿಸಿದಳು.
ಭಾನುವಾರ, ಎಂದಳು. ಕುಕ್ಕರಿನ ಮುಚ್ಚಳ.
"ಶನಿವಾರ."
ಕುರ್ಚಿ ಸುತ್ತುವುದು ನಿಂತಿತ್ತು.
"ಮಾರನೇ ದಿನ ಸ್ಕೂಲಿರಲಿಲ್ಲ, ಅದಕ್ಕೇ ನಾನು ಮಲಗಿರಲಿಲ್ಲ."
ಅವನ ಮೂಗಿಗೆ ಬೆಣ್ಣೆ ಅಂಟಿತ್ತು.
ಅವಳು ನೋಡಿಯೇ ನೋಡಿದಳು,
ಎಷ್ಟು ವರ್ಷದ ನಿದ್ದೆಯನ್ನು ನಂಬಿಕೊಂಡಿದ್ದಳೋ.
ನಾನು ಭಾನು ಅಳಿಸಿ ಶನಿ ಹಾಕಿದೆ.

ಟೈಪು ಹೊಡೆಯೋದು ಅಂತೀವಿ ನಾವು.
ಎರಡು ನಿಮಿಷ ಕೂತ್ಕೊಳ್ಳಿ, ಹೊಡೆದು ಕೊಡ್ತೀನಿ,
ಹದಿನಾಲ್ಕು ವರ್ಷ ಇದನ್ನೇ ಅಂದಿದ್ದೇನೆ ಎಂಥೆಂಥವರಿಗೆ.
ಇವತ್ತು ನಾಲಿಗೆ ಅಲ್ಲೇ ಮಡಚಿಕೊಂಡಿತು.

ಕೊನೆಗೆ ಕೋರಿಕೆ. ಏನೇನು ಬೇಕು ಹೇಳಿ.
ಅಮ್ಮ ಕೊಟ್ಟ ವೆಟ್ ಗ್ರೈಂಡರು. ಇವನ ಟೀಸಿ.
ಆಮೇಲೆ, ತಡೆದು,
"ರೂಮಿಗೆ ಚಿಲಕ ಹೊರಗಡೆ ಹಾಕಿಸಿದ್ದಾನೆ.
ಒಳಗಡೆಗೆ ಹಾಕಿಸಿಕೊಡ್ತಾರಾ ಜಡ್ಜು?"
ಬರೆದೆ: ಸದರಿ ಎದುರುದಾರನು ನೊಂದ ವ್ಯಕ್ತಿಯ ವಾಸಕ್ಕೆ
ಯಾವುದೇ ರೀತಿಯ ಅಡಚಣೆ ಉಂಟುಮಾಡದಂತೆ ನಿರ್ಬಂಧಿಸಿ
ಇತ್ಯಾದಿ. ಓದಿ ಹೇಳಿದೆ.
"ಇದರಲ್ಲಿ ಚಿಲಕ ಎಲ್ಲಿ?"
ಹುಡುಕಿದೆ. ಇರಲಿಲ್ಲ.
ಕೆಳಗೊಂದು ಸಾಲು ಸೇರಿಸಿದೆ, ಅವಳ ಮಾತಲ್ಲೇ.
ವಕೀಲರು ಕೆಂಪು ಗೀಟು ಎಳೆದರೆ ಎಳೆಯಲಿ.

ಫೈಲಿಗೆ ಹೆಸರು?
"ನನ್ನದು ಬೇಡ."
ಅವನ ಸ್ನೇಹಿತರ ಆಟೊ ಈ ರಸ್ತೆಯಲ್ಲೂ ಓಡುತ್ತವೆ.
'ಗ್ಯಾಸ್ ಬಿಲ್' ಎಂದು ಸೇವ್ ಮಾಡಿದೆ.
ಒಂದು ಪ್ರತಿ ನಿಮ್ಮಲ್ಲೇ ಇರಲಿ ಎಂದಳು,
ಕೀಬೋರ್ಡಿನ ಅಡಿಗೆ ಸರಿಸಿದೆ.

ಒಂಬತ್ತು ಪುಟ. ಪ್ರತಿ ಪುಟದ ಬುಡಕ್ಕೆ ಸಹಿ.
ಅಂಬುಜಾಕ್ಷಿ, ಅಷ್ಟೇ,
ಕ್ಷ ಬಂದಾಗೆಲ್ಲ ನಿಂತು, ಉಸಿರೆಳೆದು, ದಾಟಿ.
ಐದನೆಯದಕ್ಕೆ ಪೆನ್ನು ಕೈಕೊಟ್ಟಿತು.
ಹುಡುಗ ತನ್ನ ಚೀಲದಿಂದ ಒಂದು ತೆಗೆದ, ಹಸಿರು.
ಕೋರ್ಟು ಒಪ್ಪೋದಿಲ್ಲ ಮರಿ, ಎಂದು
ನನ್ನ ಜೇಬಿನದು ಕೊಟ್ಟೆ.