ಮೇಲ್ಗೋಣೆಯ ಭಟ್ಟಿ

ಮಣಿಕಟ್ಟಿಗೆ, ಕಣಕಾಲಿಗೆ ಹಿಡಿಕೆ ಕಚ್ಚಿಸುವಾಗ
"ಬಟ್ಟೆ ಒಣಾಕೋ ಕ್ಲಿಪ್ಪು ಇದ್ದಂಗದಾವಲ್ಲೋ" ಅಂದಳು ಜೈತುನ್‌ಬಿ.
ಅಂಗೈ ತುಂಬ ಉಪ್ಪುನೀರು ಕೊರೆದ ಬಿರುಕು,
ಉಗುರ ಸಂದಿಯಲ್ಲಿ ಸುಟ್ಟ ಮರಳು.
ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತೊಂದು ವರ್ಷ.
ಈಗ ಮೂರು ಮೆಟ್ಟಿಲಿಗೇ ಏದುಸಿರು,
ರಾತ್ರಿ ಎದೆಯೊಳಗೆ ಗುಬ್ಬಿ ಸಿಕ್ಕಿಬಿದ್ದ ಹಾಗೆ.

ಮಿಷನ್ನು ಕಾಗದ ಉಗುಳಿತು.
ಹದಿನೆಂಟು ವರ್ಷದಿಂದ ಈ ಗುಲಾಬಿ ಚೌಕುಳಿ ಓದುತ್ತೇನೆ:
ಪ್ರತಿ ಶಿಖರಕ್ಕೂ ಮೊದಲು ಒಂದು ಪುಟ್ಟ ದಿಬ್ಬ ಇರಬೇಕು,
ಮಾವ ಒಳಗೆ ಬರುವ ಮುನ್ನ ಬಾಗಿಲಲ್ಲಿ ಕೆಮ್ಮಿದ ಹಾಗೆ.
ಇವಳದರಲ್ಲಿ ಕೆಮ್ಮೇ ಇಲ್ಲ.
ಶಿಖರಗಳೋ, ಎರಡು ಒತ್ತೊತ್ತಾಗಿ, ಒಂದು ದೂರ,
ಮತ್ತೆ ಮೂರು, ಆಮೇಲೆ ಉದ್ದನೆ ಬಯಲು.
ತಪ್ಪುವುದಕ್ಕೂ ಒಂದು ಲೆಕ್ಕ ಇರುತ್ತದಲ್ಲ,
ಅದೂ ಇಲ್ಲ.

ಡಾಕ್ಟರು ಹೇಳಿದ್ದು ಅವಳಿಗೆ ಹತ್ತಲಿಲ್ಲ. ನಾನು ಹೇಳಿದೆ:
"ಎದೆಗೆ ನಾಲ್ಕು ಕೋಣೆ. ಮೇಲಿನ ಮೂಲೆಯಲ್ಲಿ ಒಬ್ಬ ಮೇಸ್ತ್ರಿ.
ಅವನು ಹೂಂ ಅಂದರೆ ಎಲ್ಲ ಕೋಣೆಯೂ ಹೂಂ.
ಈಗ ಮೇಲ್ಗೋಣೆಯಲ್ಲಿ ಎಲ್ಲರೂ ಮೇಸ್ತ್ರಿಗಳೇ.
ಕಾದ ಮರಳಿಗೆ ಅಕ್ಕಿ ಬಿದ್ದಂತೆ
ಚಟ, ಚಟಚಟ, ಚಟ,
ಯಾವ ಕಾಳು ಯಾವಾಗ ಅರಳೀತೋ."

ಮುಖ ಸಿಂಡರಿಸಿದಳು.
"ತಮ್ಮಾ, ನಮ್ಮ ಭಟ್ಟಿಗೆ ಹೆಸರಿಡಬ್ಯಾಡ.
ಎಲ್ಲಾ ಕಾಳು ಒಂದೇ ಸಲ ಅರಳಿದ್ರೆ ಬಾಂಡ್ಲಿ ಹಾರಿ ಹೋಗ್ತತಿ.
ಹಿಂದ್ಮುಂದ ಆಗೋದೇ ಅಲ್ಲಿ ಹದ."

ನನ್ನ ಉಪಮೆ ಕೈಯಲ್ಲೇ ಸೀದಿತು.

ಹೆದರಬೇಕಾದ್ದು ಗದ್ದಲಕ್ಕಲ್ಲ.
ಹಿಂಡದ ಕೋಣೆಗೆ ಕಿವಿಯಂಥ ಒಂದು ಜೇಬು;
ಅಲ್ಲಿ ನಿಂತ ರಕ್ತ ಹಾಲಿನ ಹಾಗೆ ಹೆಪ್ಪುಗಟ್ಟುತ್ತದೆ,
ಒಂದು ಚೂರು ಕಿತ್ತು ತಲೆಗೆ ಹೊರಟರೆ
ಬಲಗೈ ಹೋಗುತ್ತದೆ, ಮಾತು ಹೋಗುತ್ತದೆ.
"ನಮ್ಮೋಣಿ ಖಾಜಾಮೋದೀನನ ಬಾಯಿ ಸೊಟ್ಟಾದದ್ದು ಹಿಂಗೇನಾ?"
ಇರಬಹುದು, ಅಂದೆ.

ಒಂದು ಗುಳಿಗೆ ಓಟ ತಗ್ಗಿಸಲು, ಒಂದು ಹೆಪ್ಪಾಗದಿರಲು.
ಒಸಡಿನಲ್ಲಿ ರಕ್ತ ಕಂಡರೆ ಬಂದು ಹೇಳು,
ಮಂಡಿ ನೋವಿಗೆ ಅಂಗಡಿಯ ಮಾತ್ರೆ ನುಂಗಬೇಡ,
ತಪ್ಪಿಸಬೇಡ, ಹಬ್ಬವಿದ್ದರೂ, ಮದುವೆಯಿದ್ದರೂ.

ನಾಲ್ಕನೇ ವಾರ ಮಲಗಿಸಿ, ನಿದ್ದೆಗೆ ಸೂಜಿ ಕೊಟ್ಟು
ಎದೆಗೆ ಅಂಟಿಸಿದ ಎರಡು ಹಾಳೆಗಳ ನಡುವೆ
ಒಂದು ಏಟು. ಮೈ ಎಗರಿತು.
ಆಮೇಲೆ ಗೆರೆ ಚಪ್ಪಟೆ.
ಎಲ್ಲರೂ ಬೆವರಿದ ಆ ಬಯಲಲ್ಲಿ
ಒಲೆಯಿಂದ ಬಾಂಡ್ಲಿ ಇಳಿಸಿದ ಮೇಲಿನ ಮೌನ.
ಒಂದು. ಎರಡು ಅನ್ನುವಷ್ಟರಲ್ಲಿ
ಬಾಗಿಲಲ್ಲಿ ಸಣ್ಣಗೆ ಯಾರೋ ಕೆಮ್ಮಿದರು.
ದಿಬ್ಬ. ಹಿಂದೆಯೇ ಶಿಖರ.
ಅದನ್ನು ಅವಳು ಕಾಣಲಿಲ್ಲ. ನಾನು ಕಂಡೆ.

ಏಳು ತಿಂಗಳು ಸರಿ ಇತ್ತು.
ಒಂದು ಸೋಮವಾರ ಬೆಳಿಗ್ಗೆ, ಚೀಟಿ ಮಾಡಿಸುವ ಮೊದಲೇ,
ತನ್ನ ಮಣಿಕಟ್ಟು ತಾನೇ ಹಿಡಿದು ಬಂದಳು:
"ಮತ್ತೆ ಹತ್ಕೊಂಡತಿ ನೋಡು."
ಈ ಕಾಯಿಲೆ ಹಾಗೇ, ಬಿಟ್ಟೆ ಅಂದು ಬಿಡುವುದಲ್ಲ.
ಇನ್ನೊಂದು ದಾರಿ ಇದೆ, ತೊಡೆಯ ನಾಳದಿಂದ ತಂತಿ ಹೋಗಿ
ಕಿಡಿ ಹುಟ್ಟುವ ಜಾಗದ ಸುತ್ತ ಬೇಲಿ ಸುಡುವುದು.
ಯೋಚಿಸೋಣ, ಅಂದರು ಡಾಕ್ಟರು.

ಭಟ್ಟಿಯ ಹೆಂಗಸರಿಗೆಲ್ಲ ನಾಡಿ ಎಣಿಸಲು ಕಲಿಸಿದ್ದಾಳಂತೆ.
ಕಾಗದ ಹರಿಯುವ ಹೊತ್ತಿಗೆ ನನ್ನ ಕೈ ಎಳೆದು
ಬಿರುಕಿನ ಎರಡು ಬೆರಳು ಒತ್ತಿ, ತುಟಿ ಅಲ್ಲಾಡಿಸಿ,
ಗೋಡೆ ಗಡಿಯಾರ ನೋಡುತ್ತ ಅಂದಳು,
"ನಿಂದು ನೆಟ್ಟಗೈತಿ. ಆದ್ರೆ ಯಾಕಿಷ್ಟು ಅವಸರ?"